ಮೂವರಿಗೊಂದು ಡೇರೆ

ಅಣ್ಣ ತಮ್ಮ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹಾಗಂತ ಮಾತಾಡುವುದನ್ನೇನೂ ಕಡಿಮೆ ಮಾಡಿರಲಿಲ್ಲ. ಅಣ್ಣನ ಮಾತು ತಮ್ಮನಿಗೆ, ತಮ್ಮನ ಮಾತು ಅಣ್ಣನಿಗೆ ದಿನವೂ ತಪ್ಪದೆ ಮುಟ್ಟುತ್ತಿತ್ತು. ನಡುವೆ ಒಂದು ಮರದ ಮೆಟ್ಟಿಲು, ಒಬ್ಬ ಹೆಂಗಸು, ಅಷ್ಟೇ.

ಆ ಹೆಂಗಸು ಅವರಿಬ್ಬರ ನಡುವೆ ಹುಟ್ಟಿದವಳು. ಒಬ್ಬನಿಗೆ ತಂಗಿ, ಇನ್ನೊಬ್ಬನಿಗೆ ಅಕ್ಕ. ಹಿರಿಯವನನ್ನು ದೊಡ್ಡೋನು, ಕಿರಿಯವನನ್ನು ಚಿಕ್ಕೋನು ಎಂದು ಕರೆದು ಮುಗಿಸಿದ ಮೇಲೆ ಮನೆಯಲ್ಲಿ ಇವಳಿಗೆ ಉಳಿದ ಹೆಸರು ನಡುವಿನೋಳು. ಮದುವೆಯ ಮಾತು ಎರಡು ಸಲ ಬಂದಿತ್ತು. ಒಬ್ಬ ಒಪ್ಪಿದ ಗಂಡನ್ನು ಇನ್ನೊಬ್ಬ ಒಪ್ಪಿಬಿಟ್ಟರೆ ಮಾತು ಬಿಟ್ಟಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹಾಗಾಗಿ ಅದು ಅಲ್ಲಿಗೇ ನಿಂತಿತು.

ಮೂವರದೂ ಒಂದೇ ಅಂಗಡಿ, ಅಪ್ಪನ ಕಾಲದ್ದು. ಲಾರಿಗೆ ಹೊದಿಸುವ ಟಾರ್ಪಾಲು, ಅಂಗಡಿಗಳ ಮುಂದಿನ ಬಿಸಿಲುಪರದೆ, ಮೋಟಾರು ಸೈಕಲ್ಲಿನ ಸೀಟು ಕವರು, ಪಟ್ಟಿ ಕಿತ್ತ ಚೀಲ. ಬಟ್ಟೆ ದಪ್ಪವಿದ್ದರೆ ಸಾಕು, ಅಲ್ಲಿಗೆ ಬರುತ್ತಿತ್ತು. ದೊಡ್ಡೋನು ಕತ್ತರಿಸುತ್ತಿದ್ದ, ಚಿಕ್ಕೋನು ಹೊಲಿಯುತ್ತಿದ್ದ. ಒಂದು ದಿನ ದೊಡ್ಡೋನ ಕತ್ತರಿಯ ಅಲಗಿನಲ್ಲಿ ಒಂದು ಕಚ್ಚು ಕಾಣಿಸಿತು. ಬಟ್ಟೆ ಕತ್ತರಿಯಲ್ಲಿ ಯಾರೋ ತಂತಿ ಕತ್ತರಿಸಿದ್ದರು. ನೀನೇ ಎಂದ ದೊಡ್ಡೋನು. ನಾನಲ್ಲ ಎಂದ ಚಿಕ್ಕೋನು. ಹಾಗಾದ್ರೆ ಕತ್ತರೀನೇ ಎದ್ದು ಹೋಗಿ ತಂತಿ ಕಚ್ಚಿ ಬಂತಾ ಎಂದ ದೊಡ್ಡೋನು. ಅವರು ಮುಖಕ್ಕೆ ಮುಖ ಕೊಟ್ಟು ಆಡಿದ ಕೊನೆಯ ಮಾತು ಅದು. ಮಾರನೆಯ ದಿನ ದೊಡ್ಡೋನು ಕತ್ತರಿಸುವ ಮೇಜನ್ನು ಅಟ್ಟಕ್ಕೆ ಸಾಗಿಸಿದ. ಮೇಜು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಾಗ ಕೆಳಗಿನಿಂದ ಹೆಗಲು ಕೊಟ್ಟು ಎತ್ತಿದವನು ಚಿಕ್ಕೋನೇ. ಆಗಲೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಅಂದಿನಿಂದ ದೊಡ್ಡೋನು ಕತ್ತರಿಸಿದ ಎಲ್ಲ ಬಟ್ಟೆಯ ಅಂಚಿನಲ್ಲೂ ಅಲ್ಲಲ್ಲಿ ಒಂದು ಸಣ್ಣ ಹಲ್ಲಿನ ಗುರುತು ಬೀಳುತ್ತಿತ್ತು. ಕತ್ತರಿಯನ್ನು ಸಾಣೆ ಹಿಡಿಸಲು ಅವನು ಒಪ್ಪಲಿಲ್ಲ. ಸಾಕ್ಷಿ ಹೋಗಿಬಿಡುತ್ತದೆ ಎಂಬುದು ಅವನ ಲೆಕ್ಕ.

ನಡುವಿನೋಳು ಈ ಕೆಲಸಕ್ಕೆ ಸಿಕ್ಕಿಬಿದ್ದಿದ್ದು ಅವಳ ಕಿವಿಯ ದೆಸೆಯಿಂದ. ಅಪ್ಪ ಬಟ್ಟೆ ಕತ್ತರಿಸುತ್ತಾ ದೇವರನ್ನು ನೆನೆಯುವ ಒಂದು ಉದ್ದನೆಯ ಪದ್ಯ ಹೇಳುತ್ತಿದ್ದರು. ಕತ್ತರಿ ಓಡಿದಂತೆ ಪದ್ಯ ಓಡುತ್ತಿತ್ತು. ಬಟ್ಟೆ ತಿರುಗಿಸುವಾಗ ಪದ್ಯ ನಿಲ್ಲುತ್ತಿತ್ತು, ಬಟ್ಟೆ ಸರಿಯಾಗಿ ಕೂತ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು ನಿಂತಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ಮೇಜಿನ ಕೆಳಗೆ ಕೂತು ಚೂರುಬಟ್ಟೆ ಆಯುತ್ತಿದ್ದ ಇವಳು ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು. ಮಾತು ಬಿಟ್ಟ ಸೋದರರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಯಾವುದು?

ಅಟ್ಟದ ಮೇಲೆ “ಆ ಮಹಾರಾಯನಿಗೆ ಹೇಳು, ಹೀಗೆ ಸೊಟ್ಟಸೊಟ್ಟ ಹೊಲಿದು ಅಪ್ಪನ ಹೆಸರಿಗೆ ಮಸಿ ಬಳೀತಿದಾನೆ ಅಂತ” ಎಂದು ಹೊರಟದ್ದು ಕೆಳಗಿಳಿಯುವ ಹೊತ್ತಿಗೆ “ಅಂಚು ಒಂಚೂರು ನೇರ ಬರಲಿ ಅಂತೆ” ಎಂದಾಗಿರುತ್ತಿತ್ತು. ಮಾತಿನ ಮುಳ್ಳು ಕೀಳುವ ಕೆಲಸ ಮೆಟ್ಟಿಲ ಮೇಲೆ ನಡೆಯುತ್ತಿತ್ತು. ಕಿತ್ತ ಮುಳ್ಳೆಲ್ಲ ಅವಳ ಹತ್ತಿರವೇ ಉಳಿಯುತ್ತಿತ್ತು. ಒಮ್ಮೆ ಇವಳಿಗೆ ಜ್ವರ ಬಂದಾಗ ದೊಡ್ಡೋನ ಹೆಂಡತಿ, ಅಂದರೆ ಗಲ್ಲಾದ ಹಿಂದೆ ಕೂರುವ ಅತ್ತಿಗೆ, ಆ ಕೆಲಸ ವಹಿಸಿಕೊಂಡಿದ್ದಳು. ಕೊಟ್ಟ ಮಾತನ್ನು ಕೊಟ್ಟ ಹಾಗೇ ಮುಟ್ಟಿಸಿದಳು. ಮಧ್ಯಾಹ್ನದೊಳಗೆ ಅಂಗಡಿ ಬಾಗಿಲು ಹಾಕಬೇಕಾಯಿತು.

ನಡುವಿನೋಳಿಗೆ ಇದರ ಮೇಲೆ ದೂರೇನೂ ಇರಲಿಲ್ಲ. ಒಂದೇ ಒಂದು ತೊಂದರೆ. ಅಪ್ಪನ ಪದ್ಯ ಎರಡು ಸಾಲಿಗೆ ನಿಂತುಬಿಡುತ್ತಿತ್ತು. ಬೆಳಿಗ್ಗೆ ಮುಖ ತೊಳೆದು ದೇವರಿಗೆ ಕೈಮುಗಿದು ಶುರುಮಾಡಿದರೆ ಮೊದಲ ಸಾಲು ಬರುತ್ತಿತ್ತು, ಎರಡನೆಯದು ಬರುತ್ತಿತ್ತು, ಮೂರನೆಯ ಸಾಲಿನ ಜಾಗದಲ್ಲಿ “ಬಿಳಿ ದಾರ ಮುಗಿದು ನಾಲ್ಕು ದಿನ ಆಯ್ತು, ಆ ಮಹಾನುಭಾವರ ಕಣ್ಣಿಗೆ ಬೀಳಲಿಲ್ವಂತಾ ಕೇಳಕ್ಕಾ” ಎಂದು ಬರುತ್ತಿತ್ತು. ಛಂದಸ್ಸಿಗೆ ಅದು ಹೊಂದುತ್ತಲೂ ಇತ್ತು. ಅದೇ ಅವಳಿಗೆ ಹೆದರಿಕೆ.

ಹೀಗಿರುವಾಗ ಒಬ್ಬ ಹೆಂಗಸು ಬೆನ್ನುಚೀಲದ ಪಟ್ಟಿ ಹೊಲಿಸಿಕೊಳ್ಳಲು ಬಂದಳು. ಬಿಸಿಲಿಗೆ ಕಂದಿದ ಮುಖ, ಧೂಳು ಕುಡಿದ ಬೂಟು. ಬೆಟ್ಟಸಾಲಿನ ಬೆನ್ನ ಮೇಲೇ ಸಾಗಿ ಕೊನೆಗೆ ಸಮುದ್ರಕ್ಕಿಳಿಯುವ ಕಾಲುದಾರಿಯಿದೆಯಂತೆ. ತಿಂಗಳ ಮೇಲಾಗುತ್ತದಂತೆ. ಅದನ್ನು ಮುಗಿಸಿ ಬಂದವಳು. ನಡುವಿನೋಳು ಚೀಲ ಎತ್ತಿಕೊಂಡವಳು ತೂಕವಿದ್ದೀತೆಂದು ಎಳೆದ ರಭಸಕ್ಕೆ ಹಿಂದಕ್ಕೆ ವಾಲಿದಳು.

“ಸಾಮಾನೆಲ್ಲ ತೆಗೆದಿಟ್ಟು ಬಂದ್ರಾ?”

“ಇಲ್ಲ, ಎಲ್ಲಾ ಅದರಲ್ಲೇ ಇದೆ. ಮನೆ, ಹಾಸಿಗೆ, ಅಡಿಗೆಮನೆ.”

“ಜೊತೆಗೆ ಯಾರಿದ್ರು?”

“ಯಾರೂ ಇಲ್ಲ.”

“ಮತ್ತೆ ದಾರೀಲಿ ಮಾತು?”

ಹೆಂಗಸು ಯೋಚಿಸಿದಳು. “ಊರು ಸಿಕ್ಕಿದಾಗ ಅಂಗಡಿಯವರ ಹತ್ರ ಅಕ್ಕಿ ಕೇಳ್ತಿದ್ದೆ. ಅಷ್ಟೇ.”

ನಡುವಿನೋಳು ಆ ಚೀಲವನ್ನು ಚಿಕ್ಕೋನಿಗೆ ಕೊಡದೆ ತಾನೇ ಹೊಲಿದಳು. ಕಾಸು ಮಾತ್ರ ತೆಗೆದುಕೊಳ್ಳಲಿಲ್ಲ. ಅತ್ತಿಗೆ ಗಲ್ಲಾದ ಹಿಂದಿನಿಂದ ಒಂದು ನೋಟ ನೋಡಿದಳು.

ಆ ವಾರವೇ ನಡುವಿನೋಳು ಅರಣ್ಯ ಕಚೇರಿಗೆ ಹೋಗಿ ಅದೇ ಕಾಲುದಾರಿಗೆ ಪರವಾನಗಿ ಚೀಟಿ ಬರೆಸಿಕೊಂಡು ಬಂದಳು. ಮಳೆ ನಿಂತ ಮೇಲೆ ಅವರು ಗೊತ್ತುಮಾಡಿದ ದಿನ ಹೊರಡಬೇಕು. ದಿನ ತಪ್ಪಿದರೆ ಮತ್ತೆ ಮುಂದಿನ ವರ್ಷ. ಮುಂದಿನ ವರ್ಷಕ್ಕೆ ಪದ್ಯದ ಎರಡನೆಯ ಸಾಲೂ ಉಳಿಯುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ. ಮನೆಯಲ್ಲಿ ಹೇಳುವ ಮಾತೊಂದು ಬಾಕಿಯಿತ್ತು. ತನ್ನ ಮಾತನ್ನು ತಾನೇ ಹೊತ್ತು ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ದೊಡ್ಡೋನು ಸೀಮೆಸುಣ್ಣ ಕೆಳಗಿಟ್ಟ. “ಒಬ್ಬಳೇ ಹೋಗೋದು ಅಂದ್ರೇನು? ತಲೆ ಕೆಟ್ಟಿದ್ಯಾ? ನಾನೂ ಬರ್ತೀನಿ.”

ಕೆಳಗೆ ಚಿಕ್ಕೋನು ಮೆಷಿನ್ನು ನಿಲ್ಲಿಸಿದ. “ಅವನ ಜೊತೆ ಕಳಿಸೋದಾ? ಅರ್ಧ ದಾರೀಲಿ ಮುಖ ಊದಿಸಿಕೊಂಡು ವಾಪಸ್ ಬರೋ ಗಿರಾಕಿ. ನಾನೂ ಬರ್ತೀನಕ್ಕಾ.”

“ಇಬ್ಬರೂ ಬಂದ್ರೆ ಅಂಗಡಿ?”

“ಮಳೆ ಮುಗಿದ ಮೇಲೆ ಟಾರ್ಪಾಲು ಯಾರು ಹೊಲಿಸ್ತಾರೆ?” ಎಂದ ಚಿಕ್ಕೋನು. ಅಟ್ಟದ ಮೇಲೂ ಅದೇ ಉತ್ತರ ಸಿಕ್ಕಿತು. ಇಷ್ಟು ವರ್ಷಗಳಲ್ಲಿ ಅವರಿಬ್ಬರ ಅಭಿಪ್ರಾಯ ಕೂಡಿದ್ದು ಅದೊಂದೇ ಸಲ, ಅದೂ ಇಂಥದ್ದಕ್ಕೆ.

ತಂಗಿಯ ಮೇಲಿನ ಪ್ರೀತಿ, ಅಕ್ಕನ ಮೇಲಿನ ಪ್ರೀತಿ. ಬೇಡ ಎನ್ನುವುದು ಹೇಗೆ? ನಡುವಿನೋಳು ರಾತ್ರಿಯೂಟಕ್ಕೆ ಕೂತವಳು ತಟ್ಟೆಯನ್ನೇ ನೋಡುತ್ತಾ ಇದ್ದಳು. ತಿಂಗಳ ಮೇಲೆ ನಡಿಗೆ. ಮುಂದೆ ಒಬ್ಬ, ಹಿಂದೆ ಒಬ್ಬ. ನಡುವೆ ಇವಳು, ಬೆಟ್ಟ ಹತ್ತುತ್ತಾ ಇಳಿಯುತ್ತಾ, ಅವನು ಹೇಳಿದ್ದನ್ನು ಇವನಿಗೆ, ಇವನು ಹೇಳಿದ್ದನ್ನು ಅವನಿಗೆ. ಅಂಗಡಿಯಲ್ಲಾದರೆ ಮೆಟ್ಟಿಲಿಗೊಂದು ಕೊನೆಯಿತ್ತು.

“ಕಾಲಿಗೆ ಅಭ್ಯಾಸ ಏನೂ ಬೇಡ ಬಿಡು ನಿಂಗೆ,” ಎಂದಳು ಅತ್ತಿಗೆ ಅನ್ನ ಬಡಿಸುತ್ತಾ.

ನಡಿಗೆಯ ಸಾಮಾನು ಮಾರುವ ಅಂಗಡಿಗೆ ಮೂವರೂ ಒಟ್ಟಿಗೇ ಹೋದರು. ಅಂಗಡಿಯವನು ಕಡ್ಡಿಯಂಥ ಮನುಷ್ಯ. ಭಾರವೆಂದರೆ ಅವನಿಗೆ ಆಗಿಬರುತ್ತಿರಲಿಲ್ಲ. ಹಲ್ಲುಜ್ಜುವ ಬ್ರಶ್ಶಿನ ಹಿಡಿ ಮುರಿದು ಬಿಸಾಕಿ ಅಂದ. ಬಟ್ಟೆಯೊಳಗಿನ ಅಳತೆಚೀಟಿ ಕತ್ತರಿಸಿ ಅಂದ. ದಪ್ಪ ಬೂಟು ಬೇಡ, ಹಗುರ ಬೂಟು ಸಾಕು, ಕಾಲಿನ ಭಾರ ಬೆನ್ನಿನ ಭಾರಕ್ಕಿಂತ ಹೆಚ್ಚು ಕಾಡುತ್ತದೆ ಅಂದ.

“ಮನೇಲಿ ಸಾಮಾನೆಲ್ಲ ನೆಲದ ಮೇಲೆ ಹರವಿಕೊಳ್ಳಿ. ಮೂರು ಗುಡ್ಡೆ ಮಾಡಿ. ಇಲ್ಲದಿದ್ರೆ ಸಾಯ್ತೀನಿ ಅನ್ನೋದು ಒಂದು. ಇದ್ರೆ ಚೆನ್ನಾಗಿರುತ್ತೆ ಅನ್ನೋದು ಒಂದು. ರೂಢಿಯಿಂದ ಎತ್ಕೊಂಡಿದ್ದು ಒಂದು. ಮೂರನೇ ಗುಡ್ಡೇನ ಮನೇಲಿ ಬಿಡಿ. ಆಮೇಲೆ ಎರಡನೇದನ್ನೂ ಬಿಡಿ.”

“ಅವನಿಗೆ ಹೇಳು, ಕೇಳಿಸ್ಕೊಂಡನಾ ಅಂತ,” ಎಂದ ದೊಡ್ಡೋನು. ಚಿಕ್ಕೋನು ಅವನ ಮಗ್ಗುಲಲ್ಲೇ ನಿಂತಿದ್ದ.

“ಕೇಳಿಸ್ಕೊಂಡ್ಯಾ ಅಂತೆ,” ಎಂದಳು ನಡುವಿನೋಳು.

“ಕಿವಿ ಇದೆ ಅಂತ ಹೇಳು.”

“ಕೇಳಿಸ್ತಂತೆ.”

ಅಂಗಡಿಯವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಕೈಯಲ್ಲಿದ್ದ ಸ್ಟೌ ಎತ್ತಿ ತೋರಿಸಿದ. ಅಂಗೈಯಗಲದ್ದು. “ಮೂವರಿಗೆ ಒಂದು ಸಾಕು.”

“ಅವನು ಬೇಯಿಸಿದ್ದನ್ನ ತಿನ್ನೋಕಾಗಲ್ಲ ಅಂತ ಹೇಳಿ,” ಎಂದ ಚಿಕ್ಕೋನು. ಈ ಸಲ ಅಕ್ಕನಿಗಲ್ಲ, ಅಂಗಡಿಯವನಿಗೆ. ಅಂಗಡಿಯವನು ಪಾಪ, ತಿರುಗಿ ದೊಡ್ಡೋನಿಗೆ ಹೇಳಿಬಿಟ್ಟ. ಆಮೇಲೆ ದೊಡ್ಡೋನ ಉತ್ತರ ಹೊತ್ತು ಚಿಕ್ಕೋನ ಕಡೆ ತಿರುಗಿದ. ಐದು ನಿಮಿಷದಲ್ಲಿ ಅವನ ಹಣೆಯ ಮೇಲೆ ಬೆವರು ಮೂಡಿತು. ನಡುವಿನೋಳು ಅದುವರೆಗೂ ಸುಮ್ಮನೆ ನಿಂತು ಗೋಡೆಗೆ ತೂಗುಹಾಕಿದ ಹಗ್ಗಗಳನ್ನು ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ಸಿಕ್ಕ ಬಿಡುವು.

“ನೀವು ದಿನಾ ಇದನ್ನೇ ಮಾಡ್ತೀರಾ?” ಎಂದು ಅವಳನ್ನು ಕೇಳಿದ ಅಂಗಡಿಯವನು, ದನಿ ತಗ್ಗಿಸಿ.

“ರಜೆ ದಿನ ಇರಲ್ಲ,” ಎಂದಳು. ಅವನು ಸ್ಟೌ ಬೆಲೆಯಲ್ಲಿ ಕಾಲುಭಾಗ ಸೋಡಿ ಬಿಟ್ಟ.

ಮನೆಗೆ ಬಂದು ಗುಡ್ಡೆ ಮಾಡಿದರು. ದೊಡ್ಡೋನ ಗುಡ್ಡೆಯಲ್ಲಿ ಬಟ್ಟೆ ಕತ್ತರಿ ಇತ್ತು. ಕಬ್ಬಿಣದ್ದು, ಮೊಣಕೈಯುದ್ದ.

“ಅಣ್ಣಾ, ಇದ್ಯಾಕೆ?”

“ಬಿಟ್ಟು ಹೋದ್ರೆ ಯಾರು ಮುಟ್ಟುತಾರೋ ಏನೋ.”

“ಮುಟ್ಟೋನೂ ನಮ್ಮ ಜೊತೇಲೇ ಬರ್ತಿದಾನಲ್ಲ.”

“ಅದಕ್ಕೇ. ಕಣ್ಣ ಮುಂದೆ ಇರಲಿ.”

ಚಿಕ್ಕೋನ ಗುಡ್ಡೆಯಲ್ಲಿ ಮಡಿಸುವ ಸ್ಟೂಲು ಇತ್ತು. ಅವನು ಕತ್ತರಿ ತರೋದಾದ್ರೆ ನಾನು ಸ್ಟೂಲು ತರ್ತೀನಿ, ಭಾರಕ್ಕೆ ಭಾರ ಸಮ ಎಂಬುದು ಅವನ ನ್ಯಾಯ. ಹಗ್ಗದ ಸುರುಳಿ ತೂಗುವ ಕೊಕ್ಕೆತಕ್ಕಡಿಗೆ ಎರಡನ್ನೂ ಹಾಕಿ ನೋಡಿದರು. ಸ್ಟೂಲು ಒಂಚೂರು ಕಡಿಮೆ ತೂಗಿತು. ಚಿಕ್ಕೋನು ಒಳಗೆ ಹೋಗಿ ಒಂದು ದಿಂಬು ತಂದು ಸೇರಿಸಿದ.

ನಡುವಿನೋಳ ಗುಡ್ಡೆ ಚಿಕ್ಕದು. ಒಂದು ಮಲಗುವ ಚೀಲ, ಒಂದು ಪಾತ್ರೆ, ಒಂದು ಚಮಚ, ಮಳೆಯಂಗಿ, ಉಡಲು ಒಂದು, ಒಣಗಲು ಒಂದು. ಚೀಲಕ್ಕೆ ತುಂಬಿ ಎತ್ತಿದಳು. ಬೆನ್ನಿಗೆ ಗೊತ್ತೇ ಆಗಲಿಲ್ಲ. ಹೊಟ್ಟೆ ತಣ್ಣಗಾಯಿತು.

ಆಮೇಲೆ ಮೂವರಿಗೂ ಸೇರಿದ ಸಾಮಾನು ಬಂತು. ಸ್ಟೌ, ಅದರ ಇಂಧನ, ಔಷಧಿ ಡಬ್ಬಿ, ನಕ್ಷೆ, ನೀರು ಶುದ್ಧಮಾಡುವ ಸೋಸುಕ, ಡೇರೆಯ ಕೋಲು. ದೊಡ್ಡೋನು ಕೈಕಟ್ಟಿ ನಿಂತ. ಚಿಕ್ಕೋನು ಉಪಯೋಗಿಸುವ ವಸ್ತುವನ್ನು ತಾನು ಹೊತ್ತರೆ ಚಿಕ್ಕೋನ ಸಾಮಾನು ಹೊತ್ತಂತೆ. ಚಿಕ್ಕೋನಿಗೂ ಅದೇ ಕಷ್ಟ. ಇಬ್ಬರೂ ಉಪಯೋಗಿಸುವುದನ್ನು ಇಬ್ಬರೂ ಹೊರುವಂತಿರಲಿಲ್ಲ. ಹಾಗಾಗಿ ಎಲ್ಲವೂ ಇವಳ ಚೀಲಕ್ಕೆ ಹೋಯಿತು. ಈ ಸಲ ಎತ್ತಿದರೆ ಚೀಲ ನೆಲ ಬಿಡಲಿಲ್ಲ. ಇನ್ನೂ ಡೇರೆ ಬಾಕಿಯಿತ್ತು.

“ನಮ್ಮ ಪ್ರೀತಿಯ ತಂಗಿ,” ಎಂದ ದೊಡ್ಡೋನು, ಚೀಲದ ಬೆನ್ನು ತಟ್ಟಿ.

ಡೇರೆಯನ್ನು ಕೊಳ್ಳುವುದು ಬೇಡ, ನಾವೇ ಹೊಲಿಯೋಣ ಎಂದು ತೀರ್ಮಾನವಾಯಿತು. ಟಾರ್ಪಾಲು ಹೊಲಿಯುವ ಮನೆತನದವರು ಡೇರೆ ಕೊಂಡುಕೊಂಡರೆ ನಗೆಪಾಟಲು. ಪ್ಯಾರಾಶೂಟ್ ಬಟ್ಟೆಯ ಒಂದು ಕಿರುಸುರುಳಿ ಸಿಕ್ಕಿತು. ಉಸಿರು ಬಿಟ್ಟರೆ ಹಾರುವಷ್ಟು ತೆಳು, ಅಗಲವೂ ಕಡಿಮೆ. ಉದ್ದುದ್ದ ಪಟ್ಟಿ ಕತ್ತರಿಸಿ ಒಂದಕ್ಕೊಂದು ಜೋಡಿಸಬೇಕು, ಮೂವರು ಸಾಲಾಗಿ ಮಲಗುವಷ್ಟು. ಅದು ಖರ್ಚಾದರೆ ಮತ್ತೆ ಅಂಥ ಬಟ್ಟೆ ತರಿಸಲು ತಿಂಗಳು ಬೇಕು.

ದೊಡ್ಡೋನಿಗೆ ಅಷ್ಟರಲ್ಲಿ ಹಗುರದ ಹುಚ್ಚು ಹಿಡಿದಿತ್ತು. ಕತ್ತರಿಯನ್ನು ಬಿಡಲೊಪ್ಪದವನು ಅದರ ಭಾರವನ್ನು ಬಟ್ಟೆಯಲ್ಲಿ ಕಡಿಮೆ ಮಾಡಲು ಹೊರಟ. ಎಲ್ಲ ಪಟ್ಟಿಯನ್ನೂ ಉದ್ದದಲ್ಲೂ ಅಗಲದಲ್ಲೂ ಇಂಚಿಂಚು ಬಿಗಿ ಹಿಡಿದು ಕತ್ತರಿಸಿದ.

“ಆ ಮಹಾರಾಯನಿಗೆ ಹೇಳು. ಅಂಚಿಗೆ ಅಂತ ನಾನು ಒಂದು ದಾರದಷ್ಟೂ ಬಿಟ್ಟಿಲ್ಲ. ಅಂಚಿಗಂಚು ಇಟ್ಟು ಒಂಟಿ ಹೊಲಿಗೆ ಹಾಕಲಿ. ಲಾರಿ ಟಾರ್ಪಾಲು ಅನ್ಕೊಂಡು ಮಡಿಸೋಕೆ ಕೂತ್ರೆ ಕೈ ಮುರೀತೀನಿ ಅಂತ.”

ನಡುವಿನೋಳು ಬಟ್ಟೆ ತೋಳಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ತಿರುವಿನಲ್ಲಿ ನಿಂತು ಮುಳ್ಳು ಕಿತ್ತಳು. ಕೆಳಗೆ ಬಂದರೆ ಇವಳು ಬಾಯಿ ತೆರೆಯುವ ಮೊದಲೇ ಚಿಕ್ಕೋನು ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿ ಮೂಗು ಮುರಿದ.

“ಇದೇನಕ್ಕಾ ಈರುಳ್ಳಿ ಸಿಪ್ಪೆ! ಆ ಮಹಾನುಭಾವರಿಗೆ ಹೇಳು. ಒಂಟಿ ಹೊಲಿಗೆ ಹಾಕಿದ್ರೆ ಮೊದಲನೇ ಗಾಳಿಗೇ ಬಿರಿಯುತ್ತೆ. ನಾನು ಎರಡು ಮಡಿಕೆ ಹಾಕಿಯೇ ಹೊಲಿಯೋದು. ಉಳಿದ ಪಟ್ಟಿಗಾದ್ರೂ ಬಟ್ಟೆ ಧಾರಾಳವಾಗಿ ಬಿಡಲಿ. ಹೊಲಿಗೆ ಅಂದ್ರೆ ಏನು ಅಂತ ಕತ್ತರಿ ಹಿಡಿಯೋರಿಗೆ ಯಾವಾಗ ತಿಳಿದಿತ್ತು ಅಂತ.”

ನಡುವಿನೋಳ ಒಂದು ಕೈಯಲ್ಲಿ ಮೇಲಿನ ಮಾತಿತ್ತು, ಇನ್ನೊಂದರಲ್ಲಿ ಕೆಳಗಿನ ಮಾತು. ಮೆಟ್ಟಿಲು ಹತ್ತಲು ಹೊರಟವಳು ತಿರುವಿಗೆ ಬಂದು ಕೂತುಬಿಟ್ಟಳು. ಅಲ್ಲಿಂದ ಮೇಲಿನ ಕತ್ತರಿಯ ಸದ್ದೂ ಕೇಳುತ್ತಿತ್ತು, ಕೆಳಗಿನ ಮೆಷಿನ್ನಿನ ಸದ್ದೂ ಕೇಳುತ್ತಿತ್ತು. ಅವಳು ನಡಿಗೆಯಂಗಡಿಯವನ ಮೂರು ಗುಡ್ಡೆಯ ಮಾತು ನೆನೆಸಿಕೊಂಡು ಎರಡೂ ಮಾತನ್ನು ಎದುರಿಗಿಟ್ಟುಕೊಂಡಳು. ಇಲ್ಲದಿದ್ದರೆ ಸಾಯುವಂಥದ್ದೇ? ಅಲ್ಲ. ಇದ್ದರೆ ಚೆನ್ನಾಗಿರುವಂಥದ್ದೇ? ಅವರಿಗೆ ಇರಬಹುದು. ರೂಢಿಯಿಂದ ಎತ್ತಿಕೊಂಡಿದ್ದೇ? ಹೌದು.

ಎರಡನ್ನೂ ಮೂರನೆಯ ಗುಡ್ಡೆಗೆ ಹಾಕಿದಳು.

ಎದ್ದು ಮೇಲೆ ಹೋಗಿ “ಹೊಲಿಯೋಕೆ ಶುರು ಮಾಡಿದಾನೆ” ಎಂದಳು. ಕೆಳಗೆ ಬಂದು “ಉಳಿದ ಪಟ್ಟಿ ಕತ್ತರಿಸ್ತಿದಾನೆ” ಎಂದಳು. ಎರಡೂ ನಿಜ. ಆಮೇಲೆ ಎಷ್ಟು ಸಲ ಪಟ್ಟಿ ಹೊತ್ತು ಇಳಿದರೂ ಇವಳ ಬಾಯಿಂದ ಅದರ ಮಾತು ಹೊರಡಲಿಲ್ಲ. 

ಹೊರಡುವ ಹಿಂದಿನ ದಿನ ಅಂಗಡಿಯ ಹಿತ್ತಲಲ್ಲಿ ಡೇರೆ ನಿಲ್ಲಿಸಿದರು. ಅತ್ತಿಗೆಯೂ ಗಲ್ಲಾ ಬಿಟ್ಟು ನೋಡಲು ಬಂದಳು. ಡೇರೆ ನೋಡಲು ಚೆಂದವಿತ್ತು. ಕತ್ತರಿಸಿದ್ದರಲ್ಲಿ ಒಂದು ಗೆರೆ ಓರೆಯಿಲ್ಲ, ಹೊಲಿದಿದ್ದರಲ್ಲಿ ಒಂದು ಹೊಲಿಗೆ ಸಡಿಲವಿಲ್ಲ. ತಕ್ಕಡಿಗೆ ಹಾಕಿದಾಗ ಮುಳ್ಳು ಅಲುಗಿದ್ದೇ ಅನುಮಾನ.

“ಹಗುರ ಅಂದ್ರೆ ಇದು,” ಎಂದ ದೊಡ್ಡೋನು.

“ಗಟ್ಟಿ ಅಂದ್ರೆ ಇದು,” ಎಂದ ಚಿಕ್ಕೋನು, ಬೇರೆ ಕಡೆ ನೋಡುತ್ತಾ.

ಮೊದಲು ದೊಡ್ಡೋನು ಒಳಗೆ ಹೋಗಿ ಮಲಗಿದ. ಏಣಿಯಂಥ ಆಳು. ತಲೆ ಒಂದು ಕಡೆ ತಾಗಿತು, ಮೊಣಕಾಲಿನಿಂದ ಕೆಳಗೆ ಬಾಗಿಲಾಚೆ ಉಳಿಯಿತು. ಚಿಕ್ಕೋನು, ಅವನೂ ಏಣಿಯೇ, ಪಕ್ಕದಲ್ಲಿ ತೂರಲು ನೋಡಿದ. ಡೇರೆ ಹೊಟ್ಟೆ ತುಂಬಿದ ಹೋರಿಯಂತೆ ಉಬ್ಬಿತು, ಚಿಕ್ಕೋನ ಒಂದು ಹೆಗಲು ಹೊರಗೇ ಉಳಿಯಿತು. ಬಾಗಿಲ ಹೊರಗೆ ನಾಲ್ಕು ಪಾದಗಳು ಆಕಾಶ ನೋಡುತ್ತಿದ್ದವು.

“ನೀನೆಲ್ಲಿ ಮಲಗ್ತೀಯಮ್ಮ?” ಎಂದು ಕೇಳಿದಳು ಅತ್ತಿಗೆ ನಡುವಿನೋಳನ್ನು.

ಇಬ್ಬರೂ ತೆವಳಿಕೊಂಡು ಹೊರಬಂದರು. ದೊಡ್ಡೋನು ಹೊಲಿಗೆ ತಿರುವಿ ನೋಡಿದ. ಎರಡೆರಡು ಮಡಿಕೆ. ಬಟ್ಟೆಯ ಅರ್ಧಪಾಲು ಮಡಿಕೆಯೊಳಗೇ ಮಲಗಿತ್ತು. ಚಿಕ್ಕೋನು ಅಂಚು ಬಿಡಿಸಿ ನೋಡಿದ. ಬಿಟ್ಟ ಬಟ್ಟೆ ಎಂಬುದು ಎಲ್ಲೂ ಇರಲಿಲ್ಲ.

“ಒಂಟಿ ಹೊಲಿಗೆ ಹಾಕ್ಬೇಕು ಅಂತ ಇವಳಿಗೆ ಹೇಳಿ ಕಳ್ಸಿದ್ದೆ!”

“ಎರಡು ಮಡಿಕೆ ಹಾಕ್ತೀನಿ, ಬಟ್ಟೆ ಬಿಡ್ಬೇಕು ಅಂತ ಅಕ್ಕನಿಗೆ ಹೇಳಿ ಕಳ್ಸಿದ್ದೆ!”

ಇಬ್ಬರೂ ಏಕಕಾಲಕ್ಕೆ ನಡುವಿನೋಳ ಕಡೆ ತಿರುಗಿದರು. ಮರೆತೆ ಎಂದಿದ್ದರೆ ಅವರು ನಂಬುತ್ತಿರಲಿಲ್ಲ. ಅವಳು ಒಂದಕ್ಷರ ಮರೆಯುವವಳಲ್ಲ ಎಂದು ಊರಿಗೇ ಗೊತ್ತಿತ್ತು. ಸುಳ್ಳು ಹೇಳುವುದು ಅವಳಿಗೆ ಒಗ್ಗದ ಕೆಲಸ.

“ಇಬ್ಬರೂ ಹೇಳಿದ್ರಿ. ನಾನೇ ತಲುಪಿಸಲಿಲ್ಲ.”

“ಯಾಕೆ?”

“ಭಾರ ಕಡಿಮೆ ಮಾಡ್ಕೊಳ್ತಿದ್ದೆ.”

 ದೊಡ್ಡೋನ ಬಾಯಿ ತೆರೆದಿತ್ತು. ಹೇಳಲು ಏನೋ ಇತ್ತು, ಆದರೆ ಇವಳ ಬಗ್ಗೆ ಇವಳ ಕೈಯಲ್ಲೇ ಹೇಳಿ ಕಳಿಸುವುದು ಹೇಗೆ? ಅವನು ಒಮ್ಮೆ ಅತ್ತ ನೋಡಿದ, ಒಮ್ಮೆ ಇತ್ತ ನೋಡಿದ. ಕೊನೆಗೆ ಬೇರೆ ದಾರಿ ಕಾಣದೆ ಚಿಕ್ಕೋನ ಮುಖ ನೋಡಿದ.

“ನೋಡಿದ್ಯೇನೋ ಇವಳನ್ನ?” ಎಂದ.

“ನೋಡ್ದೆ ಕಣೋ,” ಎಂದ ಚಿಕ್ಕೋನು.

ಅಂದ ಮೇಲೆ ಇಬ್ಬರಿಗೂ ಗೊತ್ತಾಯಿತು. ಒಬ್ಬ ಕೆಮ್ಮಿದ. ಇನ್ನೊಬ್ಬ ಡೇರೆಯ ಗೂಟ ಕಿತ್ತು ಮತ್ತೆ ಅದೇ ತೂತಿಗೆ ಹೊಡೆದ.

“ಅವಳು ಹೇಳದಿದ್ರೇನು? ಬಟ್ಟೆ ಕೈಗೆ ಬಂದಾಗ ಅಂಚು ಬಿಟ್ಟಿಲ್ಲ ಅಂತ ಕಾಣಲಿಲ್ವಾ ನಿಂಗೆ?” ಎಂದ ದೊಡ್ಡೋನು ಸ್ವಲ್ಪ ಹೊತ್ತಿನ ಮೇಲೆ.

“ಬಿಟ್ಟಿಲ್ಲ ಅಂತ ಬಟ್ಟೆ ಮೇಲೆ ಬರೆದಿರುತ್ತಾ? ಬಂದಿದ್ದನ್ನ ಹೊಲಿದೆ. ಮೂವರಿಗೆ ಇಷ್ಟು ಸಾಕಾ ಅಂತ ಕತ್ತರಿಸೋನು ನೋಡ್ಕೋಬೇಕು.”

“ನಾನು ಕತ್ತರಿಸಿದ್ದು ಮೂವರಿಗೇ. ಮಡಿಸಿ ಮಡಿಸಿ ಒಬ್ಬರಿಗೆ ಮಾಡಿದ್ದು ನೀನು!”

“ಆ ಹಲ್ಲು ಮುರಿದ ಕತ್ತರೀಲಿ ಕತ್ತರಿಸಿದ್ರೆ ಮಡಿಸದೆ ಏನು ಮಾಡ್ಲಿ? ಅಂಚು ನೋಡು, ಇಲಿ ತಿಂದ ಹಾಗಿದೆ!”

“ಕತ್ತರಿ ವಿಷಯ ನೀನು ಎತ್ತಬೇಡ!”

“ಎತ್ತುತೀನಿ!”

ಅವರು ಜಗಳವಾಡುತ್ತಲೇ ಹಿತ್ತಲಿಂದ ಅಂಗಡಿಗೆ ಹೋದರು, ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಲು. ಇಷ್ಟು ವರ್ಷ ಕೂಡಿಟ್ಟ ಮಾತು, ಬೇಗ ಮುಗಿಯುವಂಥದ್ದಲ್ಲ. ನಡುವಿನೋಳು ಡೇರೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿ ನೋಡಿದಳು. ಅವಳು ಗಿಡ್ಡ ಹೆಂಗಸು. ತಲೆಯ ಬಳಿ ಚೀಲಕ್ಕೆ, ಕಾಲ ಬಳಿ ಬೂಟಿಗೆ ಜಾಗವಿತ್ತು. ಅಳತೆ ಹಿಡಿದು ಮಾಡಿಸಿದ್ದರೂ ಇಷ್ಟು ಸರಿಯಾಗುತ್ತಿರಲಿಲ್ಲವೇನೋ.

ಅತ್ತಿಗೆ ಬಗ್ಗಿ ಇಣುಕಿದಳು. “ಅವರಿಬ್ಬರೂ ನಾಳೆ ಹೊರಡಲ್ಲ.”

“ಯಾಕೆ?”

“ಮೊದಲು ಅಂಗಡಿ ಬಿಟ್ಟು ಹೊರಟೋನು ಸೋತ ಹಾಗೆ. ನನಗೆ ಗೊತ್ತಿಲ್ವಾ.” ಆಮೇಲೆ ಬಾಗಿಲ ಜಿಪ್ಪನ್ನು ಮೇಲೆ ಕೆಳಗೆ ಎಳೆದು ನೋಡಿದಳು. “ಇನ್ನು ಆ ಮೆಟ್ಟಿಲು ಹತ್ತೋರು ಯಾರು ಅಂತ ಕೇಳಿದ್ರೆ, ನಾನಂತೂ ಅಲ್ಲ ಅಂತ ಈಗಲೇ ಹೇಳಿಬಿಡ್ತೀನಿ.”

ಸ್ಟೌ ಒಬ್ಬಳಿಗೆ ಸಾಕಾಗುವಷ್ಟು ಇಂಧನದೊಡನೆ ಚೀಲದಲ್ಲಿ ಉಳಿಯಿತು. ಔಷಧಿ ಡಬ್ಬಿಯಿಂದ ದೊಡ್ಡೋನ ಬೆನ್ನುನೋವಿನ ಮುಲಾಮೂ ಚಿಕ್ಕೋನ ಅಜೀರ್ಣದ ಗುಳಿಗೆಯೂ ಹೊರಬಂದವು. ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಇಬ್ಬರೂ ಅಂಗಡಿ ಬಾಗಿಲಿಗೆ ಬಂದರು. ಇನ್ನೂ ಮುಖ ಊದಿಸಿಕೊಂಡೇ ಇದ್ದರು.

“ಹುಷಾರು,” ಎಂದ ದೊಡ್ಡೋನು. “ದಿನಾ ಫೋನ್ ಮಾಡು.”

“ಬೆಟ್ಟದ ಮೇಲೆ ಸಿಗ್ನಲ್ ಎಲ್ಲಿರುತ್ತೆ? ಸುಮ್ನೆ ಏನೇನೋ ಹೇಳ್ತಾನೆ,” ಎಂದ ಚಿಕ್ಕೋನು. “ಊರು ಸಿಕ್ಕಾಗ ಮಾಡಕ್ಕಾ.”

“ನಾನು ಅವಳ ಹತ್ರ ಮಾತಾಡ್ತಿದೀನಿ, ನಿನ್ನ ಹತ್ರ ಅಲ್ಲ.”

ಬಸ್ಸು ತಿರುವು ದಾಟುವವರೆಗೂ ಇಬ್ಬರ ಕೈಗಳೂ ಆಡುತ್ತಿದ್ದವು. ಅದು ಟಾಟಾ ಮಾಡುವುದೋ ಜಗಳವೋ ದೂರದಿಂದ ಗೊತ್ತಾಗಲಿಲ್ಲ.

ಮೊದಲ ದಿನದ ದಾರಿ ಏರು. ಸಂಜೆ ಹೊತ್ತು ಮುಳುಗುವ ಮೊದಲೇ ಒಂದು ಸಮತಟ್ಟು ಜಾಗ ನೋಡಿ ಡೇರೆ ಹಾಕಿದಳು. ಅನ್ನ ಮಾಡಿ ಉಂಡಳು. ಪಾತ್ರೆ ತೊಳೆದು ಬೋರಲು ಹಾಕಿ, ಕೈಮುಗಿದು, ಒಳಗೆ ಕೂತು ಕಿವಿಗೊಟ್ಟಳು. ಮೊದಲ ಸಾಲು ಬಂತು. ಎರಡನೆಯದು ಬಂತು. ಮೂರನೆಯದರ ಜಾಗದಲ್ಲಿ ತಾನು ತಲುಪಿಸದ ಆ ಎರಡು ಮಾತುಗಳು ಬಂದು ಕೂತವು. ಮನೆಯಲ್ಲಿ ಬಿಟ್ಟು ಬಂದೆ ಎಂದುಕೊಂಡಿದ್ದಳು. ಬಿಟ್ಟಿರಲಿಲ್ಲ.

 ನಡುವಿನೋಳು ನೆಟ್ಟಗೆ ಕೂತು ಎಡಗಡೆಯ ಬಟ್ಟೆಗೆ ಹೇಳಿದಳು, ಒಂದು ಮುಳ್ಳನ್ನೂ ಕೀಳದೆ: “ಆ ಮಹಾರಾಯನಿಗೆ ಹೇಳು. ಅಂಚಿಗೆ ಅಂತ ನಾನು ಒಂದು ದಾರದಷ್ಟೂ ಬಿಟ್ಟಿಲ್ಲ. ಲಾರಿ ಟಾರ್ಪಾಲು ಅನ್ಕೊಂಡು ಮಡಿಸೋಕೆ ಕೂತ್ರೆ ಕೈ ಮುರೀತೀನಿ ಅಂತ.” ಬಲಗಡೆಗೆ ತಿರುಗಿ ಹೇಳಿದಳು: “ನಾನು ಎರಡು ಮಡಿಕೆ ಹಾಕಿಯೇ ಹೊಲಿಯೋದು. ಹೊಲಿಗೆ ಅಂದ್ರೆ ಏನು ಅಂತ ಕತ್ತರಿ ಹಿಡಿಯೋರಿಗೆ ಯಾವಾಗ ತಿಳಿದಿತ್ತು ಅಂತ.”

ಎರಡೂ ಕಡೆಯವರು ಏನೂ ಅನ್ನಲಿಲ್ಲ. ಗಾಳಿಗೆ ಬಟ್ಟೆ ಒಮ್ಮೆ ಒಳಕ್ಕೆ ಬಂತು, ಒಮ್ಮೆ ಹೊರಕ್ಕೆ ಹೋಯಿತು. ಹೊಲಿಗೆ ಬಿರಿಯಲಿಲ್ಲ. ಬಾಗಿಲ ಅಂಚಿನಲ್ಲಿ ಕತ್ತರಿಯ ಹಲ್ಲಿನ ಗುರುತೊಂದು ಮಡಿಕೆಗೆ ಸಿಗದೆ ಹೊರಗುಳಿದಿತ್ತು. ಅದನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ ಪದ್ಯವನ್ನು ಮೊದಲಿನಿಂದ ಎತ್ತಿಕೊಂಡಳು. ಒಂದು, ಎರಡು. ಮೂರನೆಯ ಸಾಲು ಅಪ್ಪನ ದನಿಯಲ್ಲೇ ಬಂದು, ನಡುಮಧ್ಯದಲ್ಲಿ ನಿಂತಿತು.

ಅಲ್ಲಿ ಅಪ್ಪ ಬಟ್ಟೆ ತಿರುಗಿಸುತ್ತಿದ್ದರು. ಅವಳು ಕಾದಳು.